ಅಕ್ಕನ ಸೈಕಲ್ಲಿನ ಕನ್ನಡಿ

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಗೆ ಹೊಸಬರು ಯಾರೇ ಬರಲಿ, ಅವರ ಕೈಗೆ ಚಹಾದ ಕಪ್ಪು ಹೋಗುವ ಮೊದಲೇ ಯಾರಾದರೊಬ್ಬರು ಈ ಸುದ್ದಿ ಮುಟ್ಟಿಸಿರುತ್ತಾರೆ. ಗುಡುಗಿಗೆ ಅಂಜುತ್ತೇನೆ, ಹಲ್ಲಿಗೆ ಅಂಜುತ್ತೇನೆ, ಬಸ್ಸು ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಕುಕ್ಕರ್ ಇಟ್ಟರೆ ಅದು ಸೀಟಿ ಹೊಡೆಯುವ ತನಕ ಅಡುಗೆಮನೆಯ ಬಾಗಿಲಾಚೆ ನಿಂತಿರುತ್ತೇನೆ. ಬರುತ್ತದೆಂದು ಗೊತ್ತಿದ್ದರೂ ಪ್ರತಿ ಸೀಟಿಗೂ ಬೆಚ್ಚಿಬೀಳುತ್ತೇನೆ. ಅಂಜುವವರ ಮೇಲೆ ಕಪ್ಪೆ ಎಸೆದ ಹಾಗೆ, ದೇವರು ನನ್ನನ್ನು ತಂದು ಬನಹಟ್ಟಿಯ ಮಗ್ಗದ ಮನೆಗೆ ಸೊಸೆ ಮಾಡಿದ. ಬಂದ ಮರುದಿನ ಮುಂಜಾನೆ ಶೆಡ್ಡಿನ ಪವರ್‌ಲೂಮುಗಳೆಲ್ಲ ಒಮ್ಮೆಲೇ ಖಟಖಟ ಶುರುವಾದಾಗ ಹಾಲಿನ ಪಾತ್ರೆ ಕೈಬಿಟ್ಟಿದ್ದೆ. ಅತ್ತೆ ಮುಖ ಸಿಂಡರಿಸಿದರು. ಅಕ್ಕ ನಕ್ಕು ಅರಿವೆ ತಂದು ಹಾಲು ಒರೆಸಿದಳು.

ಅಕ್ಕ ಎಂದರೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಆಕೆ ಆಗಲೇ ಗಂಡಸರ ಸಮಕ್ಕೆ ನಿಂತು ಎರಡು ಮಗ್ಗ ನಡೆಸುತ್ತಿದ್ದಳು. ನನ್ನ ಪಾಲಿಗೆ ಬಂದದ್ದು ಕಂಡಿಕೆ ಸುತ್ತುವ ಕೆಲಸ, ಅಂದರೆ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವುದು. ಶೆಡ್ಡಿನ ಗೋಡೆಗೆ ಒತ್ತಿದ ಸಣ್ಣ ಕೋಣೆಯಲ್ಲಿ ಕೂತು ಸುತ್ತುತ್ತೇನೆ. ಮೊದಮೊದಲು ಆಕೆಯನ್ನು "ಬರ್ರಿ, ಹೋಗ್ರಿ" ಎಂದೇ ಮಾತಾಡಿಸುತ್ತಿದ್ದೆ. "ಈ ಗದ್ದಲದಾಗ ನಿನ್ನ ರೀ ಎಲ್ಲಿ ಕೇಳಸ್ತೈತಿ? ಬಾ ಅನ್ನು, ಸಾಕು" ಎಂದು ಅಕ್ಕನೇ ಬಿಡಿಸಿದಳು. ಅಂದಿನಿಂದ ಆಕೆ ನನಗೆ ನೀ ಆದಳು.

ಮಗ್ಗ ಅನ್ನ ಕೊಟ್ಟು ಕಿವಿ ಇಸಿದುಕೊಳ್ಳುತ್ತದೆ ಎಂದು ನಮ್ಮ ಓಣಿಯ ಹಿರಿಯರು ಅನ್ನುವುದುಂಟು. ಅಕ್ಕನ ಕಿವಿಯೂ ಹಾಗೇ ಹೋಯಿತು, ಒಂದೇ ದಿನಕ್ಕಲ್ಲ, ಒಂದೊಂದೇ ಎಳೆ ಹರಿದಂತೆ. ಆದರೆ ನೇಕಾರರ ಮನೆಯಲ್ಲಿ ಇದು ಬೇಗ ಯಾರಿಗೂ ತಿಳಿಯುವುದಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಒದರಿಯೇ ಮಾತಾಡುತ್ತಾರೆ, ಎಲ್ಲರೂ ಎದುರಿನವರ ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ, ಅರ್ಧ ಸಂಸಾರ ಕೈಸನ್ನೆಯಲ್ಲೇ ನಡೆಯುತ್ತದೆ. ಜಮಖಂಡಿಯ ಡಾಕ್ಟರರು ಕಿವಿಗೆ ಮಷೀನು ಹಾಕಿಕೊಳ್ಳಲು ಹೇಳಿದರು. ತಂದದ್ದೂ ಆಯಿತು. ಅಕ್ಕ ಅದನ್ನು ಡಬ್ಬಿಯ ಸಮೇತ ದೇವರ ಮಾಡದಲ್ಲಿ ಇಟ್ಟಳು. "ಹಾಕ್ಕೊಂಡ್ರ ಊರ ಮಗ್ಗೆಲ್ಲಾ ತಲಿಯೊಳಗ ಬಂದ ಕುಂತಂಗ ಆಕ್ಕೈತಿ, ಒಲ್ಲೆ" ಎಂದಳು. ಕಿವಿ ಮಂದ, ಅಷ್ಟೇ, ಎಂದು ನಾವೆಲ್ಲ ಸುಮ್ಮನಾದೆವು.

ಸೈಕಲ್ ಶುರುವಾದದ್ದು ಸಕ್ಕರೆ ಕಾಯಿಲೆಯಿಂದ. ದಿನಾ ನಡೆಯಿರಿ ಎಂದು ಅಕ್ಕನಿಗೆ ಡಾಕ್ಟರು ಹೇಳಿದ್ದರು. ನಡೆಯುವುದು ಆಕೆಗೆ ಸೇರಲಿಲ್ಲ. ಅದೇ ಓಣಿ, ಅದೇ ಕಟ್ಟೆ, ಅದೇ ಮಂದಿ "ಏನ್ರೀ ಅಕ್ಕಾರ, ವಾಕಿಂಗೇನ್ರಿ?" ಎಂದು ಕೇಳುವುದು. ಶೆಡ್ಡಿನ ಮೂಲೆಯಲ್ಲಿ ಮಗ್ಗದ ನೂಲು ಸುತ್ತುವ ಹಳೆಯ ಬೀಮುಗಳ ಹಿಂದೆ ಎರಡು ಸೈಕಲ್ಲುಗಳು ತುಕ್ಕು ಹಿಡಿಯುತ್ತಿದ್ದವು. ನಮ್ಮಿಬ್ಬರ ಹೆಣ್ಣುಮಕ್ಕಳಿಗೆ ಎಂಟನೆಯ ಇಯತ್ತೆಯಲ್ಲಿ ಸರ್ಕಾರದಿಂದ ಬಂದ ಸೈಕಲ್ಲುಗಳು. ಹುಡುಗಿಯರು ಕಾಲೇಜು ದಾಟಿದರು, ಒಬ್ಬಳ ಮದುವೆಯೂ ಆಯಿತು, ಸೈಕಲ್ಲುಗಳನ್ನು ಯಾರೂ ಕೇಳಲಿಲ್ಲ. ಅಕ್ಕ ಒಂದು ದಿನ ಅವನ್ನು ಎಳೆದು ಹೊರಗೆ ತಂದು ಚಿಮಣಿ ಎಣ್ಣೆ ಹಚ್ಚಿ ಉಜ್ಜತೊಡಗಿದಳು. ನನ್ನ ಎದೆ ಅಲ್ಲೇ ಧಸಕ್ಕೆಂದಿತು. ಒಂದು ಸಾಕಾಗುತ್ತಿತ್ತಲ್ಲ, ಎರಡನ್ನೂ ಯಾಕೆ ಉಜ್ಜುತ್ತಿದ್ದಾಳೆ ಎಂದು.

ಸೈಕಲ್ ಹೊಡೆಯಲು ನನಗೆ ಬರುತ್ತಿತ್ತು. ಸಾವಳಗಿಯ ತವರುಮನೆಯ ಮುಂದಿನ ಮಣ್ಣುದಾರಿಯಲ್ಲಿ ಅಪ್ಪ ಸೀಟು ಹಿಡಿದು ಕಲಿಸಿದ್ದರು. ಅದಕ್ಕಿಂತ ದೊಡ್ಡ ಮಾತೆಂದರೆ ನನಗೆ ಅಕ್ಕನನ್ನು ಒಬ್ಬಳನ್ನೇ ಬಿಡುವ ಧೈರ್ಯ ಇರಲಿಲ್ಲ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ ಆಕೆಗೆ ಕೇಳಿಸುತ್ತದೆಯೆ? ಟ್ರ್ಯಾಕ್ಟರ್ ಬಂದರೆ? ಈ ಒಂದು ಅಂಜಿಕೆ ನನ್ನ ಬೇರೆ ಎಲ್ಲ ಅಂಜಿಕೆಗಳನ್ನೂ ನೂಕಿ ಮುಂದೆ ಬಂದು ನಿಂತಿತು. ಹೀಗಾಗಿ ಅಂಜುಬುರುಕಿಯಾದ ನಾನೇ ಆಕೆಯ ಕಾವಲಿಗೆ ಹೊರಟೆ. ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ವಾರದ ಸೂಟಿಯ ದಿನ ನಮ್ಮೂರಿನ ಮಗ್ಗಗಳು ನಿಲ್ಲುತ್ತವೆ. ಅಂದು ಬೆಳಕು ಹರಿಯುತ್ತಲೇ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕ್ಯಾರಿಯರಿಗೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ಹೊರಡುತ್ತಿದ್ದೆವು. ಮೊದಲು ರಬಕವಿಯ ತನಕ, ಆಮೇಲೆ ತೇರದಾಳ, ಆಮೇಲೆ ಹೊಳೆಯ ಬ್ಯಾರೇಜು, ಒಂದು ಸಲ ಜಮಖಂಡಿ. ಹೇಳಿಕೊಳ್ಳುವಂಥದ್ದೇನಲ್ಲ. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ಮುಗಿಯುವುದರೊಳಗೆ ಬರುವ ಊರುಗಳು. ಆದರೆ ಬಸ್ಸಿನಿಂದ ನೋಡಿದ ತೇರದಾಳಕ್ಕೂ ಸ್ವಂತ ಮೊಣಕಾಲು ನೋಯಿಸಿಕೊಂಡು ಮುಟ್ಟಿದ ತೇರದಾಳಕ್ಕೂ ಫರಕಿದೆ. ಬಸದಿಯ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುವಾಗ ಅಕ್ಕನ ಮುಖದಲ್ಲಿ ಬೇರೆಯೇ ಕಳೆ ಇರುತ್ತಿತ್ತು. ನನ್ನ ಮುಖದಲ್ಲಿ ವಾಪಸು ಹೋಗಬೇಕಲ್ಲ ಎಂಬ ಚಿಂತೆ.

ಅಕ್ಕನ ಸವಾರಿಗೆ ಒಂದು ಕಾನೂನಿತ್ತು. ಆಕೆ ಮುಂದೆ, ನಾನು ಹಿಂದೆ. "ನನ್ನ ಬೆನ್ನ ಬಿಡಬ್ಯಾಡ. ತುಸು ಬಲಕ್ಕ ಸರದ ಇರು" ಎನ್ನುತ್ತಿದ್ದಳು. ಬಲಕ್ಕೆ ಇರುವುದೆಂದರೆ ಹಿಂದಿನಿಂದ ಬರುವ ಗಾಡಿ ಮೊದಲು ನನ್ನನ್ನು ಎತ್ತಿಕೊಂಡು ಆಮೇಲೆ ಆಕೆಯನ್ನು ವಿಚಾರಿಸಬೇಕು. ಇದೆಂಥ ಪ್ರೀತಿ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ. ಆಮೇಲೆ ಆಕೆ ಪೇಟೆಯ ಸೈಕಲ್ ಅಂಗಡಿಯಲ್ಲಿ ಬಲ ಹ್ಯಾಂಡಲಿಗೆ ಒಂದು ಗುಂಡು ಕನ್ನಡಿ ಹಾಕಿಸಿಕೊಂಡಳು. ನನಗೆ ಸ್ವಲ್ಪ ಸಮಾಧಾನವಾಯಿತು. ಕೇಳಿಸದಿದ್ದರೂ ಹಿಂದಿನ ಗಾಡಿ ಕಾಣುತ್ತದಲ್ಲ. ಆದರೆ ಸೈಕಲ್ ಒರೆಸುವಾಗ ನೋಡಿದರೆ ಕನ್ನಡಿ ರಸ್ತೆಯ ಕಡೆಗೆ ಇರಲೇ ಇಲ್ಲ. ತುಸು ಒಳಗೆ, ತುಸು ಮೇಲಕ್ಕೆ ತಿರುಗಿತ್ತು. ನಾನು ಸರಿಮಾಡಲು ಹೋದೆ.

"ಏಯ್, ಮುಟ್ಟಬ್ಯಾಡ ಅದನ್ನ!" ಎಂದು ಅಕ್ಕ ಅಂಗಳದ ಆ ತುದಿಯಿಂದ ಒದರಿದಳು.

ಕುಂಕುಮ ನೋಡಿಕೊಳ್ಳಲು ಇಟ್ಟುಕೊಂಡಿರಬೇಕು ಎಂದುಕೊಂಡೆ. ಆ ವಯಸ್ಸಿನಲ್ಲೂ ಅಕ್ಕ ಶೋಕಿಯವಳು.

ಒಂದು ಸೋಜಿಗ ಮಾತ್ರ ನನಗೆ ಬಗೆಹರಿದಿರಲಿಲ್ಲ. ಹಿಂದಿನಿಂದ ಗಾಡಿಯ ಸಪ್ಪಳ ಬಂದೊಡನೆ ನನ್ನ ಜೀವ ಬಾಯಿಗೆ ಬರುತ್ತಿತ್ತು.  ನಾನು ಬೆಲ್ಲು ಹೊಡೆಯುವ ಮೊದಲೇ, ಬಾಯಿ ತೆರೆಯುವ ಮೊದಲೇ ಅಕ್ಕ ನಿಧಾನಕ್ಕೆ ಎಡಕ್ಕೆ ಸರಿದಿರುತ್ತಿದ್ದಳು. ಒಂದು ಸಲವಲ್ಲ, ಪ್ರತಿಸಲ. ತಾಯಿಯ ಕೃಪೆ ಇದು, ಕಿವಿ ಕಿತ್ತುಕೊಂಡ ದೇವಿ ಬೆನ್ನಿಗೆ ಕಣ್ಣು ಕೊಟ್ಟಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಮುಧೋಳದ ಮಾತು ತೆಗೆದವಳೂ ಅಕ್ಕನೇ. ಅದು ಆಕೆಯ ತವರು. ಮಹಾಲಿಂಗಪುರ ದಾಟಿ ಹೋಗಬೇಕು, ನಮ್ಮ ಈವರೆಗಿನ ಎಲ್ಲ ಸವಾರಿಗಳಿಗಿಂತ ದೂರ. ಎಳವೆಯಲ್ಲಿ ಅಣ್ಣನ ಸೈಕಲ್ಲನ್ನು ಕದ್ದು ಕಲಿತಿದ್ದಳಂತೆ, ಅದಕ್ಕೆ ಪೆಟ್ಟೂ ತಿಂದಿದ್ದಳಂತೆ. ಈಗ ಅದೇ ಅಣ್ಣನ ಬಾಗಿಲಿಗೆ ಸೈಕಲ್ ಮೇಲೆ ಹೋಗಿ ಇಳಿಯಬೇಕು. ರಾತ್ರಿ ಅಲ್ಲೇ ಉಳಿದು ಮರುದಿನ ವಾಪಸು. ಸಂಕ್ರಾಂತಿಗೆ ಮೊದಲಿನ ದಿನಗಳು, ಕಬ್ಬಿನ ಹಂಗಾಮು ಭರದಲ್ಲಿತ್ತು. ಎರಡೆರಡು ಡಬ್ಬಿ, ಅಂದರೆ ಟ್ರೇಲರು, ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದವು. ಹಿಂದಿನ ಡಬ್ಬಿ ಹಾವಿನ ಬಾಲದ ಹಾಗೆ ಅತ್ತಿತ್ತ ಆಡುವುದನ್ನು ನೋಡಿದರೆ ನಾನು ನಿಂತಲ್ಲಿಂದ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತೇನೆ. ಹಂಗಾಮು ಮುಗಿಯಲಿ ಎಂದೆ. "ಹಂಗಾಮು ಮುಗದ್ರ ಬಿಸಲ ಬರತೈತಿ. ಬಿಸಲ ಮುಗದ್ರ ಮಳಿ. ನಿನ್ನ ಅಂಜಿಕಿ ಮುಗಿಯೂದು ಯಾವಾಗ?" ಎಂದು ಅಕ್ಕ ಎಲ್ಲರ ಮುಂದೆ ಕೇಳಿದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಇನ್ನೊಂದು ಸೇರಿಸಿದರು. "ಈಕಿ ಮಾರಿ ನೋಡಿದ್ರ ಎದುರಿಗೆ ಬರೂ ಡ್ರೈವರನ ಅಂಜಿ ಗಾಡಿ ತೆಗ್ಗಿಗೆ ಇಳಸ್ತಾನ" ಎಂದರು. ಎಲ್ಲರೂ ನಕ್ಕರು, ಮಕ್ಕಳೂ ನಕ್ಕರು. ನನಗೆ ಖರೇ ಹೇಳಬೇಕೆಂದರೆ ಸಿಟ್ಟು ಬಂತು. ಅಂಜುವುದನ್ನು ಬಿಡಲು ನನಗೆ ಆಗುವುದಿಲ್ಲ, ಮುಚ್ಚಿಡಲಾದರೂ ಬರುತ್ತದಲ್ಲ ಎಂದು ಗಂಡನದೇ ಒಂದು ಕಂದು ಬಣ್ಣದ ಮಂಗ್ಯಾಟೊಪ್ಪಿಗೆ ಹುಡುಕಿ ತೆಗೆದಿಟ್ಟೆ. ಕಣ್ಣು ಬಿಟ್ಟರೆ ಬೇರೇನೂ ಕಾಣದಂತೆ ಮೂಗಿನ ತನಕ ಎಳೆದುಕೊಳ್ಳುವ ಉಣ್ಣೆಯ ಟೊಪ್ಪಿಗೆ. ಚಳಿ ಎಂಬ ನೆವವೂ ಇತ್ತು.

ಮುಂಜಾನೆ ಹೊರಟಾಗ ಅಕ್ಕ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಅದನ್ನ ತಗದ ಇಡ ಬೇ. ಮಂಗ್ಯಾ ಕಂಡಂಗ ಕಾಣತಿ."

ಟೊಪ್ಪಿಗೆ ಕೆಳಗೆಳೆದು ತುಟಿ ತೋರಿಸಿ, "ಥಂಡಿ ಐತಿ" ಎಂದು ಮತ್ತೆ ಏರಿಸಿಕೊಂಡೆ. ಆಕೆ ಕನ್ನಡಿಯನ್ನು ಒಮ್ಮೆ ತಿರುಗಿಸಿ ನೋಡಿ ಸೈಕಲ್ ಹತ್ತಿದಳು. ಮಹಾಲಿಂಗಪುರದ ತನಕ ಆಗಾಗ ತಿರುಗಿ ತಿರುಗಿ ನೋಡುತ್ತಿದ್ದಳು. ಎಂದೂ ಹಾಗೆ ತಿರುಗಿ ನೋಡಿದವಳಲ್ಲ. ನನ್ನ ಧೈರ್ಯ ನೋಡಿ ಬೆರಗಾಗಿದ್ದಾಳೆ ಎಂದುಕೊಂಡೆ. ಅಲ್ಲಿಯವರೆಗೆ ರಸ್ತೆ ಬಹುತೇಕ ಖಾಲಿಯಿತ್ತು. ಚಹಾದಂಗಡಿಯಲ್ಲಿ ಕೂತಾಗ ಮಂಜು ಇಳಿಯತೊಡಗಿತು. ಬೆಳಕು ಹರಿದ ಮೇಲೆ ಮಂಜು ಹೋಗಬೇಕು, ಅಂದು ದಟ್ಟವಾಯಿತು. ಕಾದು ಹೋಗೋಣ ಎಂದೆ. ಅಕ್ಕ ಕಪ್ಪು ಇಟ್ಟು ಎದ್ದಳು.

ಊರು ದಾಟಿದ ಮೇಲೆ ಎರಡೂ ಕಡೆ ಕಬ್ಬು. ಆಳಿಗಿಂತ ಎತ್ತರದ, ತುದಿಯಲ್ಲಿ ಸೂಲಂಗಿ ಹೂ ಬಂದ ಕಬ್ಬು, ನಡುವೆ ರಸ್ತೆ. ಮೇಲೆ ಮಂಜು ಕೂತದ್ದರಿಂದ ಗವಿಯೊಳಗೆ ಹೋದಂತಾಯಿತು. ರಸ್ತೆಯ ಎಡ ಅಂಚು ಒಡೆದು ಕಿತ್ತುಹೋಗಿತ್ತು. ಹಾಗಾಗಿ ಅಕ್ಕ ರಸ್ತೆಯ ನಡುವಿಗೆ ಸರಿದು ಹೊಡೆಯುತ್ತಿದ್ದಳು. ಆಕೆಯ ಹಸಿರು ಸೀರೆ ಕಾಣುತ್ತಿತ್ತು, ಮಸುಕಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ನಾನು ಪೆಡಲು ತುಳಿಯುತ್ತ ಆ ಹಸಿರನ್ನೇ ಹಿಡಿದುಕೊಂಡಿದ್ದೆ. ಉಸಿರು ಉಣ್ಣೆಗೆ ತಾಗಿ ಒದ್ದೆಯಾಗಿ ಮೂಗಿಗೆ ಅಂಟುತ್ತಿತ್ತು.

ಮೊದಲು ಕೇಳಿಸಿದ್ದು ಹಾಡು. ಟ್ರ್ಯಾಕ್ಟರಿನವರು ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಹಚ್ಚುತ್ತಾರಲ್ಲ, ಎದೆಗೆ ಗುದ್ದುವ ಹಾಡು. ದೂರದಿಂದ ಬರಿಯ ಗುದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಇಂಜಿನ್ನು. ಆಮೇಲೆ ಡಬ್ಬಿಯ ಕೊಂಡಿಗಳ ಖಣಖಣ.  ಅಕ್ಕ ಈಗ ಸರಿಯುತ್ತಾಳೆ ಎಂದು ನೋಡಿದೆ. ಸರಿಯಲಿಲ್ಲ. ಇನ್ನೂ ಒಂದು ಗಳಿಗೆ ನೋಡಿದೆ. ಆಕೆ ರಸ್ತೆಯ ನಡುವೆಯೇ, ಬೆನ್ನು ನೆಟ್ಟಗೆ ಮಾಡಿಕೊಂಡು, ಹೊಲಕ್ಕೆ ಹೋಗುವವಳ ಹಾಗೆ ಆರಾಮಾಗಿ ಹೊಡೆಯುತ್ತಿದ್ದಳು.

"ಅಕ್ಕಾ!" ಎಂದು ಒದರಿದೆ. ಉಣ್ಣೆಯೊಳಗಿಂದ ಅದು ನನಗೇ ಸರಿಯಾಗಿ ಕೇಳಲಿಲ್ಲ. ಬೆಲ್ಲು ಹೊಡೆದೆ. ಕಿವುಡರ ಮುಂದೆ ಕಿನ್ನರಿ ಎಂಬ ಗಾದೆ ಆ ಹೊತ್ತಿನಲ್ಲಿ ಯಾಕೆ ನೆನಪಾಯಿತೋ ತಿಳಿಯದು, ಅಳು ಬಂತು. ಆಕೆಯ ಸರಿಸಮಕ್ಕೆ ಹೋಗಿ ಕೈ ಹಿಡಿದು ಎಳೆಯುವುದೊಂದೇ ಉಳಿದಿತ್ತು. ಎದ್ದು ನಿಂತು ಜೋರಾಗಿ ತುಳಿದೆ. ಕಟಕ್ ಎಂದು ಚೈನು ಬಿತ್ತು. ಪೆಡಲು ಗರಗರ ಸುಮ್ಮನೆ ತಿರುಗಿತು, ಸೈಕಲ್ ನಿಂತಿತು, ನಾನು ಒಂದು ಕಾಲ ಮೇಲೆ ನಿಂತೆ.

ಹಸಿರು ಸೀರೆ ಮಂಜಿನೊಳಗೆ ಹೋಯಿತು.

ಸೈಕಲ್ ಸಮೇತ ಅಂಚಿಗೆ ಬಿದ್ದೆನೋ ಸರಿದೆನೋ ನೆನಪಿಲ್ಲ. ಟ್ರ್ಯಾಕ್ಟರ್ ನನ್ನ ಪಕ್ಕದಲ್ಲಿ ಹೋಯಿತು. ಡಬ್ಬಿಯಿಂದ ಹೊರಚಾಚಿದ ಕಬ್ಬಿನ ತುದಿಗಳು ನನ್ನ ತೋಳು ಕೆರೆದವು. ಒಂದು ಡಬ್ಬಿ ಹೋಯಿತು. ಎರಡನೆಯ ಡಬ್ಬಿ ಆಡುತ್ತ ಆಡುತ್ತ ಹೋಯಿತು. ಅದರ ಹಿಂದೆ ಕಟ್ಟಿದ ಕೆಂಪು ಬಟ್ಟೆ ಕಂಡಿತು, ಅದೂ ಅಕ್ಕ ಹೋದ ಕಡೆಗೇ ಮಂಜಿನೊಳಗೆ ಹೋಯಿತು. ಆಮೇಲೆ ಹಾರ್ನ್. ಉದ್ದಕ್ಕೆ, ಬಿಡದೆ. ಕೇಳುವ ಕಿವಿಯಿಲ್ಲದವಳಿಗೆ ಆ ಹಾರ್ನ್. ಆಮೇಲೆ ಬ್ರೇಕು ಕಿರುಚಿತು, ಏನೋ ದಡದಡ ಉರುಳಿತು. ಹಾಡು ಅರ್ಧಕ್ಕೆ ನಿಂತಿತು.

ಆ ಮೌನದಷ್ಟು ನಾನು ಬದುಕಿನಲ್ಲಿ ಯಾವುದಕ್ಕೂ ಅಂಜಿಲ್ಲ. ಇಷ್ಟು ವರ್ಷ ಅಂಜಿದ್ದೆಲ್ಲ ಆಟ ಎನಿಸಿತು. ಸೈಕಲ್ ಬಿಟ್ಟು ಓಡಬೇಕು, ಕಾಲು ಬರಲಿಲ್ಲ. ಓಡಿದರೆ ನೋಡಬೇಕಾಗುತ್ತದೆ. ನಿಂತರೆ ಇನ್ನೂ ಏನೂ ಆಗಿಲ್ಲ. ಹೀಗೆ ಮೂರ್ಖಳ ಹಾಗೆ ಲೆಕ್ಕ ಹಾಕುತ್ತ ಸೈಕಲ್ಲಿನ ಸೀಟು ಹಿಡಿದು ನಿಂತೆ. ಮನೆಯಲ್ಲಿ ಏನು ಹೇಳಲಿ, ಆಕೆಯ ಮಗಳಿಗೆ ಏನು ಹೇಳಲಿ ಎಂದು ಬಾಯಿ ತಾನಾಗೇ ಬಡಬಡಿಸುತ್ತಿತ್ತು. ಆಮೇಲೆ ಹೇಗೋ ನಡೆದೆ.

ರಸ್ತೆಯ ತುಂಬ ಕಬ್ಬು ಚೆಲ್ಲಿತ್ತು. ಟ್ರ್ಯಾಕ್ಟರ್ ಓರೆಯಾಗಿ ನಿಂತಿತ್ತು. ಡ್ರೈವರು ಕೆಳಗಿಳಿದು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. ನನ್ನನ್ನು ನೋಡಿದ್ದೇ, "ಅವ್ವಾರ, ನಂದ ತಪ್ಪಿಲ್ರಿ, ಎಷ್ಟ ಹಾರ್ನ್ ಹೊಡದ್ನಿ, ತಿರಗಿ ಸುದ್ದಾ ನೋಡಲಿಲ್ರಿ" ಎಂದ.  ಅವನು ಬೊಟ್ಟು ತೋರಿಸಿದ ಕಡೆ ರಸ್ತೆಯ ಪಕ್ಕದ ತೆಗ್ಗಿನಲ್ಲಿ ಸೈಕಲ್ಲು ಹಿಂಗಾಲಿ ಮೇಲೆ ಮಾಡಿ ಬಿದ್ದಿತ್ತು. ಅದರಾಚೆ, ಕಬ್ಬಿನ ಸಾಲಿಗೆ ಬೆನ್ನು ಕೊಟ್ಟು, ಅಕ್ಕ ಕೂತಿದ್ದಳು.

ಕೂತಿದ್ದಳು. ಕಣ್ಣು ತೆರೆದಿದ್ದವು. ಒಂದು ಕೈಯ ಬಳೆ ಒಡೆದು ರಕ್ತ ಜಿನುಗುತ್ತಿತ್ತು, ಮೊಣಕಾಲಿನ ಮೇಲೆ ಸೀರೆ ಹರಿದಿತ್ತು. ನಾನು ತೆಗ್ಗಿಗೆ ಇಳಿದು ಆಕೆಯ ಭುಜ, ತಲೆ, ಕಾಲು ಎಲ್ಲ ಮುಟ್ಟಿ ನೋಡಿದೆ. ಆಕೆ ನನ್ನ ಕೈ ಕೊಡವಿ, ಎರಡೂ ಕೈಯಿಂದ ನನ್ನ ಟೊಪ್ಪಿಗೆ ಹಿಡಿದು ಕಿತ್ತೆಳೆದು ಕಬ್ಬಿನೊಳಗೆ ಒಗೆದಳು.

"ಮಾರಿ ಯಾಕ ಮುಚ್ಚಿದಿ?" ಎಂದು ಒದರಿದಳು. "ಮಾರಿ ಮುಚ್ಕೊಂಡ್ರ ನನಗ ಹೆಂಗ ತಿಳೀಬೇಕ?"

 ಪೆಟ್ಟು ತಲೆಗೆ ಬಿತ್ತೇನೋ ಎಂದುಕೊಂಡೆ. ಅಕ್ಕ ಉಸಿರು ತೆಗೆದುಕೊಂಡು ತೆಗ್ಗಿನ ಸೈಕಲ್ಲನ್ನು ತೋರಿಸಿದಳು. ಕನ್ನಡಿ ಒಡೆದಿರಲಿಲ್ಲ.

"ಅದರಾಗ ನಾ ರಸ್ತೆ ನೋಡಂಗಿಲ್ಲ. ನಿನ್ನ ಮಾರಿ ನೋಡತೇನಿ" ಎಂದಳು. "ಹಿಂದ ಗಾಡಿ ಬಂದ್ರ ನಿನ್ನ ಮಾರ್ಯಾಗ ಮೊದಲ ಬರತೈತಿ. ಮೋಟರ್ ಸೈಕಲ್ಲಿಗೆ ಒಂದ ನಮೂನಿ ಅಂಜತಿ, ಬಸ್ಸಿಗೆ ಒಂದ ನಮೂನಿ. ಟ್ರ್ಯಾಕ್ಟರ್ ಬಂದ್ರಂತೂ ನಿನ್ನ ಕಣ್ಣ ಇಷ್ಟ ಆಗತಾವು. ಅಷ್ಟ ನೋಡಿ ಸರೀತೇನಿ. ಕನ್ನಡ್ಯಾಗ ಗಾಡಿ ನೋಡಕೋತ ಕುಂತ್ರ ಮುಂದಿನ ತೆಗ್ಗ ಯಾರ ನೋಡಬೇಕ? ನೀ ಅಂಜಲಿಲ್ಲಂದ್ರ ಹಿಂದ ಏನೂ ಇಲ್ಲ, ಆರಾಮ ಹೋಗತೇನಿ. ಇವತ್ತ ನೋಡ್ತೇನಿ, ನೋಡ್ತೇನಿ, ಬರೇ ಟೊಪ್ಪಿಗಿ. ಆಮ್ಯಾಲ ಅದೂ ಕಾಣಲಿಲ್ಲ."

"ಹಂಗಾರ ಹೆಂಗ ಸರದಿ?" ಎಂದು ಕೇಳಿದೆ.

"ಮಂಜೆಲ್ಲಾ ಒಮ್ಮಿಗಿಲೆ ಹಳದಿ ಆತು. ಲೈಟ ಅಂತ ತಿಳದು ತೆಗ್ಗಿಗೆ ಹಾರಿದ್ನಿ." ಆಮೇಲೆ ಆಕೆ ದನಿ ತಗ್ಗಿಸಿದಳು. ತಗ್ಗಿಸಿದ್ದು ಆಕೆಗೇ ಗೊತ್ತಿತ್ತೋ ಇಲ್ಲವೋ. "ನನಗ ಕಿವಿ ಮಂದ ಅಲ್ಲ ತಂಗಿ. ಏನೇನೂ ಕೇಳಸಂಗಿಲ್ಲ. ಮಗ್ಗದ ಸಪ್ಪಳನೂ ಇಲ್ಲ ಈಗ. ಹಲಗಿ ಮ್ಯಾಲ ಕೈ ಇಟ್ರ ನಡದೈತಿ ಅಂತ ತಿಳೀತೈತಿ, ಅಷ್ಟ. ಮನ್ಯಾಗ ಹೇಳಿದ್ರ ಮಗ್ಗನೂ ಬಿಡಸ್ತಾರ, ಸೈಕಲ್ಲೂ ಬಿಡಸ್ತಾರ. ಅದಕ್ಕ ಹೇಳಲಿಲ್ಲ."

ಇಷ್ಟು ದಿನ ಆಕೆಯನ್ನು ಕಾಯುತ್ತಿದ್ದವಳು ನಾನು ಎಂದುಕೊಂಡದ್ದು ಸುಳ್ಳಾಗಿರಲಿಲ್ಲ. ಆದರೆ ಕಾಯುತ್ತಿದ್ದದ್ದು ನನ್ನ ಕಣ್ಣಲ್ಲ, ಬೆಲ್ಲಲ್ಲ, ದೇವಿಯೂ ಅಲ್ಲ. ಮನೆಮಂದಿಯೆಲ್ಲ ಕೂತು ನಗುತ್ತಿದ್ದ ನನ್ನ ಈ ಅಂಜುಬುರುಕ ಮುಖ. ಅದನ್ನೇ ನಾನು ಗಂಡನ ಟೊಪ್ಪಿಗೆಯಲ್ಲಿ ಮುಚ್ಚಿದ್ದೆ. ನನಗೆ ಅಲ್ಲೇ ತೆಗ್ಗಿನಲ್ಲಿ ಅಳು ಒತ್ತರಿಸಿ ಬಂತು. ಡ್ರೈವರು ಗಾಬರಿಯಾಗಿ "ಆಸ್ಪತ್ರಿಗೆ ಹೋಗೂಣೇನ್ರಿ?" ಎಂದ. ಅಕ್ಕ ಅವನ ತುಟಿ ನೋಡಿ, "ಬ್ಯಾಡಪ್ಪಾ, ಹ್ಯಾಂಡಲ್ ಸೊಟ್ಟಾಗೈತಿ, ಅದನ್ನಷ್ಟ ನೆಟ್ಟಗ ಮಾಡು" ಎಂದಳು. ಅವನು ಗಾಲಿಯನ್ನು ತೊಡೆಯ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿದ, ನನ್ನ ಚೈನನ್ನೂ ಏರಿಸಿದ. ಹೋಗುವಾಗ ಎರಡು ಗಣಿಕೆ ಕಬ್ಬು ಕೊಟ್ಟು, ಹಾಡು ಹಚ್ಚದೆ ಹೋದ.

ವಾಪಸು ಹೋಗೋಣ ಎಂದು ಅಂಗಲಾಚಿದೆ. ಅಕ್ಕ ಕಬ್ಬು ಸಿಗಿಯುತ್ತ ನನ್ನನ್ನು ನೋಡುತ್ತ ಕೂತಳು. ಸಕ್ಕರೆ ಕಾಯಿಲೆಯವಳು ಕಬ್ಬು ತಿನ್ನುತ್ತಿದ್ದಾಳೆ ಎಂಬುದೂ ನನಗೆ ಆಗ ಹೊಳೆಯಲಿಲ್ಲ. ಮಂಜು ತೆಳುವಾಗುವ ತನಕ ಕಾದೆವು. ಆಮೇಲೆ ಆಕೆ ಎದ್ದು ಸೈಕಲ್ ರಸ್ತೆಗೆ ತಂದಳು, ಕನ್ನಡಿಯನ್ನು ಸೆರಗಿನಿಂದ ಒರೆಸಿದಳು, ನನ್ನನ್ನು ಹಿಂದೆ ನಿಲ್ಲಿಸಿ ತಿರುಗಿಸಿ ತಿರುಗಿಸಿ ಸರಿಮಾಡಿಕೊಂಡಳು.

"ಇನ್ನ ಛಲೋತ್ನಾಗಿ ಅಂಜ್ಕೋತ ಬಾ" ಎಂದಳು.

ಮುಧೋಳದ ತನಕ ಬರಿಯ ಮುಖದಲ್ಲಿ ಹೋದೆ. ಚಳಿಗೆ ಕೆನ್ನೆ ಬಿರಿದವು. ಎಷ್ಟು ಟ್ರ್ಯಾಕ್ಟರ್ ಬಂದವೋ ಅಷ್ಟೂ ಸಲ ಅಂಜಿದೆ, ಒಂದಿಷ್ಟೂ ಮುಚ್ಚಿಡದೆ ಅಂಜಿದೆ, ಅಷ್ಟೂ ಸಲ ಅಕ್ಕ ಎಡಕ್ಕೆ ಸರಿದಳು. ದಾರಿಯ ಒಂದು ಸೇತುವೆಯ ಮೇಲೆ ಹಿಂದಿನಿಂದ ಬಸ್ಸು ಬಂದಾಗ ಕಣ್ಣು ಮುಚ್ಚಿಕೊಳ್ಳಬೇಕು ಅನಿಸಿತು. ಮುಚ್ಚಿಕೊಳ್ಳಲಿಲ್ಲ. ಸಣ್ಣ ಗುಂಡು ಕನ್ನಡಿಯಲ್ಲಿ ಆಕೆಯ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಮೊದಲ ಸಲ ಅದನ್ನು ಕಂಡೆ. ತವರಿನ ಬಾಗಿಲಲ್ಲಿ ಅಕ್ಕನ ಅಣ್ಣ ನಮ್ಮ ಅವತಾರ ನೋಡಿ, "ಯವ್ವಾ, ಈ ಹಂಗಾಮಿನ್ಯಾಗ ಸೈಕಲ್ ಮ್ಯಾಲ! ಅಂಜಿಕಿ ಬರಲಿಲ್ಲೇನ ನಿನಗ?" ಎಂದರು. ಅಕ್ಕ ಚಪ್ಪಲಿ ಬಿಡುತ್ತ, "ನನಗ್ಯಾಕ ಅಂಜಿಕಿ? ಆ ಕೆಲಸಕ್ಕ ಆಕಿ ಅದಾಳ" ಎಂದು ನನ್ನ ಕಡೆ ಕೈ ಮಾಡಿದಳು.

ಕಿವಿಯ ಮಾತನ್ನು ಆಕೆಯೇ ಆಮೇಲೆ ಮನೆಯಲ್ಲಿ ಹೇಳಿದಳು. ಅದಕ್ಕೇ ಇಲ್ಲಿ ಬರೆದಿದ್ದೇನೆ. ಆಕೆ ಅಂದುಕೊಂಡಂತೆ ಯಾರೂ ಮಗ್ಗ ಬಿಡಿಸಲಿಲ್ಲ. ಸೈಕಲ್ ಬಿಡಿಸಲು ಭಾವ ನೋಡಿದರು, ಆಗಲಿಲ್ಲ. ನನ್ನ ಅಂಜಿಕೆಗೆ ಮನೆಯಲ್ಲಿ ಈಗ ಮರ್ಯಾದೆ ಬಂದಿದೆ. ಆದರೆ ಅದು ಸುಲಭದ ಕೆಲಸವಲ್ಲ. ಸುಮ್ಮಸುಮ್ಮನೆ ಅಂಜುವಂತಿಲ್ಲ. ಒಮ್ಮೆ ದಾರಿಯಲ್ಲಿ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ನೆನಪಾಗಿ ಎದೆ ಝಲ್ಲೆಂದಿತು, ಅಕ್ಕ ನೆಟ್ಟಗೆ ಮುಳ್ಳುಕಂಟಿಗೆ ಇಳಿದಳು. ಮೇಲೆ ಬಂದು ನನಗೆ ಮಂಗಳಾರತಿ ಎತ್ತಿದಳು.

ಈಗ ಆಕೆಗೆ ಬೀಳಗಿಯ ಕಡೆ ಹೋಗಿ ಹಿನ್ನೀರು ನೋಡುವ ಹಠ. ಒಂದೇ ದಿನಕ್ಕೆ ಆಗದು, ನಡುವೆ ಎಲ್ಲಾದರೂ ಉಳಿಯಬೇಕು. ಹೋಗೋಣ ಎಂದು ನಾನೂ ಒಪ್ಪಿದ್ದೆ. ಆಮೇಲೆ ಒಂದು ಮುಂಜಾನೆ ಬೇಳೆ ಇಟ್ಟು ಬಾಗಿಲಾಚೆ ನಿಂತಿದ್ದೆ. ಸೀಟಿಗೆ ಕಾಯುತ್ತ ನಿಂತೇ ಇದ್ದೆ. ಮಗಳು ಓಡಿ ಬಂದು ಗ್ಯಾಸ್ ಆರಿಸಿ, "ಎಷ್ಟ ಸೀಟಿ ಆದುವು, ಎಲ್ಲಿ ಧ್ಯಾನ ಐತಿ ನಿಂದು?" ಎಂದಳು. ಬೇಳೆ ತಳ ಹಿಡಿದಿತ್ತು. ಅಂದು ಮಗ್ಗ ನಡೆದಿರಲಿಲ್ಲ, ಮನೆ ಶಾಂತವಾಗಿತ್ತು. ನಾನು ಬೆಚ್ಚಿಬಿದ್ದಿರಲಿಲ್ಲ. ಬೆಚ್ಚಲಿಲ್ಲವೆಂದು ತಿಳಿದ ಮೇಲೆ ಖರೇ ಅಂಜಿದೆ.

ಯಾರಿಗೂ ಹೇಳಲಿಲ್ಲ. ಅದೇ ಸೈಕಲ್ ಅಂಗಡಿಗೆ ಹೋಗಿ ನಾನೂ ಒಂದು ಗುಂಡು ಕನ್ನಡಿ ಹಾಕಿಸಿದೆ. ಹೊರಗೆ, ನೆಟ್ಟಗೆ ರಸ್ತೆಗೆ ತಿರುಗಿಸಿದೆ. ಕೇಳಿದರೆ ಚೆಂದಕ್ಕೆ ಎಂದು ಹೇಳಬೇಕು ಅಂದುಕೊಂಡೆ.

ಹೋದ ಸೂಟಿಗೆ ಬೀಳಗಿಯ ತಯಾರಿಗೆಂದು ಜಮಖಂಡಿಯ ದಾರಿ ಹಿಡಿದೆವು. ಹಂಗಾಮು ಮುಗಿದಿತ್ತು, ರಸ್ತೆ ಖಾಲಿ, ಬಿಸಿಲು ಚೊಕ್ಕ. ನಾನು ಕನ್ನಡಿ ನೋಡುತ್ತ, ಕಿವಿ ನಿಮಿರಿಸುತ್ತ, ಮತ್ತೆ ಕನ್ನಡಿ ನೋಡುತ್ತ ಹೋಗುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಎಡಕ್ಕೆ ಸರಿದು ಸೈಕಲ್ ನಿಲ್ಲಿಸಿದಳು. ಹಿಂದೆ ಯಾವ ಗಾಡಿಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ. ಇಳಿದು ನನ್ನ ಹತ್ತಿರ ಬಂದು ಮೊದಲು ನನ್ನ ಹೊಸ ಕನ್ನಡಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾವಾಗಿಂದ?" ಎಂದಳು.

ಒದರಲಿಲ್ಲ. ಬಹಳ ಮೆಲ್ಲಗೆ ಅಂದಿರಬೇಕು. ನಾನು ತುಟಿ ನೋಡಿ ತಿಳಿದುಕೊಂಡೆ.